ಅಧ್ಯಕ್ಷರ ಗಂಬೂಟು

ನಾಕಬಾಲೆ
4 ಡಿಸೆಂಬರ್ 1993

ಪ್ರೀತಿಯ ತಂಗಿ ಕೌಧಾ,

ಈ ಮೂಲಕ ನಾಕಬಾಲೆ ಗ್ರಾಮದ ಎರಡು ಜೌಗು, ಒಂದು ಚರ್ಚು, ಒಂದು ಮುಚ್ಚಿದ ಹತ್ತಿ ಗೋದಾಮು ಹಾಗೂ ಇವುಗಳ ನಡುವೆ ವಾಸಿಸುವ ಸಮಸ್ತ ಜನ, ದನ, ಕೋಳಿಗಳಿಗೆ ತಿಳಿಯಪಡಿಸುವುದೇನೆಂದರೆ, ಗ್ರಾಮ ನೈರ್ಮಲ್ಯ ಸಮಿತಿಯ ಅಧ್ಯಕ್ಷರೂ ನಿನ್ನ ಒಬ್ಬನೇ ಅಣ್ಣನೂ ಆದ ಬಲಿಕೋವ ಅವರು ಮೊನ್ನೆ ಸಂತೆಯಲ್ಲಿ ಒಂದು ಜೊತೆ ಗಂಬೂಟು ಖರೀದಿಸಿರುತ್ತಾರೆ. ಬಣ್ಣ ಕಪ್ಪು. ಎತ್ತರ ಮಂಡಿಯವರೆಗೆ. ನಡೆದರೆ ಬರುವ ಸದ್ದು, ಕಪ್ಪೆ ತನ್ನ ಹೆಂಡತಿಯೊಡನೆ ಜಗಳವಾಡಿದಂತೆ. ಚರ್ಚಿಗೆ ಹೋದರೆ ಪಾದ್ರಿಗಿಂತ ಮುಂಚೆ ಬೂಟು ಒಳಗೆ ಹೋಗುತ್ತದೆ, ಹಿಂದಿನಿಂದ ನಾನು.

ಸಮಿತಿಯ ಕೆಲಸ ಭರ್ಜರಿಯಾಗಿ ನಡೆದಿದೆ. ತಿಂಗಳಿಗೊಮ್ಮೆ ಮಾವಿನ ಮರದ ಕೆಳಗೆ ನಾನು ಶುರುಮಾಡಿದ ಕಾಲು ಪರೀಕ್ಷೆ ಈಗ ಪಕ್ಕದ ಊರುಗಳಿಗೂ ಮಾದರಿ. ಎಲ್ಲರೂ ಸಾಲಾಗಿ ನಿಂತು ಅಂಗಾಲು ಎತ್ತಿ ತೋರಿಸಬೇಕು. ಯಾರ ಬೆರಳ ಸಂದಿಯಲ್ಲಿ ಮಣ್ಣಿನ ಚಿಗಟ ಹೊಕ್ಕು ಹೊಟ್ಟೆ ಉಬ್ಬಿಸಿಕೊಂಡು ಕುಳಿತಿದೆಯೋ ಅವರು ಪಕ್ಕಕ್ಕೆ ಹೋಗಿ ಬಿಸಿಲಲ್ಲಿ ನಿಲ್ಲಬೇಕು. ಮುಂದಿನ ಪರೀಕ್ಷೆಯವರೆಗೆ ಬೋರ್‌ವೆಲ್ಲಿನಲ್ಲಿ ಅವರ ಸರದಿ ಕೊನೆಗೆ. ಈ ಸಲವೂ ನಮ್ಮ ನೆರೆಯ ಕಿಸುಲೆಯ ಮನೆಯವರೇ. ಗಂಡ, ಹೆಂಡತಿ, ತಾಯಿ, ಮಕ್ಕಳು, ಇಡೀ ಕುಟುಂಬ ಗೆಣಸಿನ ಮೂಟೆಗಳ ಹಾಗೆ ಸಾಲಾಗಿ ನಿಂತಿತ್ತು. ನಾಚಿಕೆಯಾದರೆ ತಾನೇ ಜನ ಮನೆ ಗುಡಿಸುವುದು.

ಇನ್ನು ಮುಖ್ಯ ವಿಷಯ. ನನ್ನ ಮಗಳು ಕಗೋಯಾಳನ್ನು ಕೇಳಲು ಇಗಾಂಗಾದ ಕಡೆಯ ಗಂಡಿನವರು ಫೆಬ್ರವರಿ 19ರ ಶನಿವಾರ ಬರುತ್ತಾರೆ. ಸೋದರತ್ತೆ ನೀನು. ಅಷ್ಟು ಗಂಡಸರ ನಡುವಿಂದ ಇವನೇ ನಮ್ಮ ಹುಡುಗ ಎಂದು ಗುರುತಿಸಿ ಎಬ್ಬಿಸಬೇಕಾದವಳು ನೀನೇ. ನೀನಿಲ್ಲದೆ ಶಾಸ್ತ್ರವಿಲ್ಲ. ಆದರೆ ಅಷ್ಟು ದೂರದಿಂದ ಮುಂಚಿತವಾಗಿ ಬಂದು ಯಾಕೆ ದಣಿಯುತ್ತೀ? ಆ ದಿನ ಬೆಳಿಗ್ಗೆ ಬಂದರೆ ಸಾಕು.

ನಿನ್ನ ಅಣ್ಣ,
ಬಲಿಕೋವ (ಬೂಟುಧಾರಿ)

*

ಫೋರ್ಟ್ ಪೋರ್ಟಲ್
12 ಡಿಸೆಂಬರ್ 1993

ಅಣ್ಣನಿಗೆ ಮಂಡಿಯೂರಿ ನಮಸ್ಕಾರ.

ಮಂಡಿಯೂರಿದವಳು ಹಾಗೇ ಬಿದ್ದು ನಕ್ಕೆ. ಶಾಲೆಯ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸದ ನಡುವೆ ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದೆ. ಇಲ್ಲಿಯ ಹೆಂಗಸರೆಲ್ಲ ಒಂದೇ ಪ್ರಶ್ನೆ ಕೇಳಿದರು: "ಡಿಸೆಂಬರ್ ಬಿಸಿಲಲ್ಲಿ ಗಂಬೂಟಾ? ನಿಮ್ಮಣ್ಣ ಯಾವ ವಿಧವೆ ಮನೆ ಮುಂದೆ ಓಡಾಡ್ತಿದಾನೆ?" ಮಳೆಯಿಲ್ಲ, ಕೆಸರಿಲ್ಲ, ಜೌಗು ಒಣಗಿರುತ್ತದೆ. ನಿಜ ಹೇಳು, ಯಾರು ಆಕೆ? ಅತ್ತಿಗೆ ನೈಗಾಗಾ ತೀರಿಹೋಗಿ ವರ್ಷ ಕಳೆಯಿತು, ನೀನು ಇನ್ನೊಬ್ಬಳನ್ನು ತಂದರೆ ನಾನೇನೂ ಬಾವಿಗೆ ಬೀಳುವುದಿಲ್ಲ. ನನಗೆ ಮುಂಚೆ ಹೇಳು, ಅಷ್ಟೆ.

ಬೆಳಿಗ್ಗೆ ಬಂದರೆ ಸಾಕು ಅಂತ ಬರೆದಿದ್ದೀಯಲ್ಲ, ನಿನಗೆ ತಲೆ ಸರಿಯಿದೆಯಾ? ಸೋದರತ್ತೆ ಹುಡುಗಿಯ ಜೊತೆ ತಿಂಗಳಾದರೂ ಇದ್ದು ನಾಲ್ಕು ಮಾತು ಹೇಳಿಕೊಡಬೇಡವೇ? ಅವಳ ಅಮ್ಮನೂ ಇಲ್ಲ. ಶಾಲೆಗೆ ರಜೆ ಶುರುವಾಯಿತು. ಕ್ರಿಸ್‌ಮಸ್‌ಗೆ ಬಂದು ಎಲ್ಲ ಮುಗಿಸಿಕೊಂಡೇ ಹೊರಡುತ್ತೇನೆ. ಕಗೋಯಾಳಿಗೆ ಆ ದಿನ ಉಡಲು ಒಂದು ಗೋಮೆಸಿ ನಿಲುವಂಗಿ ಹೊಲಿಯುತ್ತಿದ್ದೇನೆ, ಕಿತ್ತಳೆ ಬಣ್ಣದ ರೇಷ್ಮೆ, ತೋಳಿನ ಮೇಲೆ ಗೋಪುರ ನಿಂತ ಹಾಗೆ ಮಡಿಕೆ.

ಅಂದ ಹಾಗೆ ಮನೆಯ ನೆಲ ಸಾರಿಸುವವರು ಯಾರು ಈಗ? ಅತ್ತಿಗೆ ಶನಿವಾರ ಶನಿವಾರ ಸಗಣಿಗೆ ಬೂದಿ ಬೆರೆಸಿ ಸಾರಿಸುತ್ತಿದ್ದಳು. ಆ ನೆಲದ ಮೇಲೆ ಗೆಣಸು ಬಿದ್ದರೆ ಎತ್ತಿ ತಿನ್ನಬಹುದಿತ್ತು. ಕಗೋಯಾ ಜಿಂಜಾದ ಟೀಚರ್ ಕಾಲೇಜಿನಲ್ಲಿದ್ದಾಳೆ. ಅಧ್ಯಕ್ಷರು ಸೆರಗು ಸಿಕ್ಕಿಸಿಕೊಂಡು ಸಾರಿಸುತ್ತಿದ್ದಾರೋ ಹೇಗೆ?

ನಿನ್ನ ತಂಗಿ,
ಕೌಧಾ

*

ನಾಕಬಾಲೆ
17 ಡಿಸೆಂಬರ್ 1993

ಪ್ರೀತಿಯ ಕೌಧಾ,

ದಯವಿಟ್ಟು ಟಿಕೆಟ್ ತೆಗೆದಿದ್ದರೆ ಹಿಂತಿರುಗಿಸು. ಕಾರಣಗಳು ಅನೇಕ. ಮೊದಲನೆಯದು, ಛಾವಣಿ ಸೋರುತ್ತಿದೆ. (ಮಳೆಯಿಲ್ಲವಲ್ಲ ಅನ್ನುತ್ತೀ. ಮಳೆ ಬಂದಾಗ ಸೋರಿತ್ತು, ಆ ಸೋರಿಕೆಯನ್ನು ಈಗ ರಿಪೇರಿ ಮಾಡಿಸುತ್ತಿದ್ದೇನೆ.) ಒಳಕೋಣೆಯಲ್ಲಿ ಮೇಕೆ ಮರಿ ಹಾಕಿದೆ, ಬಾಣಂತಿ, ಎಬ್ಬಿಸುವಂತಿಲ್ಲ. ಹೊರಕೋಣೆಯಲ್ಲಿ ಸಮಿತಿಯ ಸುಣ್ಣದ ಚೀಲಗಳು. ಇನ್ನು ನೀನು ಮಲಗುವುದೆಲ್ಲಿ? ಫೆಬ್ರವರಿ 18ರ ರಾತ್ರಿ ಬಂದರೂ ಮೇಷ್ಟ್ರ ಮನೆಯಲ್ಲಿ ಇಳಿದುಕೋ. ಅವರ ಹೆಂಡತಿಗೆ ಹೇಳಿದ್ದೇನೆ.

ನೆಲ ಕನ್ನಡಿಯಂತಿದೆ. ಮುಖ ನೋಡಿಕೊಂಡು ಗಡ್ಡ ಹೆರೆಯುತ್ತೇನೆ.

ಕ್ರಿಸ್‌ಮಸ್ ನಿಮಿತ್ತ ಈ ತಿಂಗಳ ಕಾಲು ಪರೀಕ್ಷೆಯನ್ನು ಅಧ್ಯಕ್ಷರು ಉದಾರವಾಗಿ ರದ್ದುಪಡಿಸಿದ್ದಾರೆ.

ಬರಬೇಡ. ಇದು ಅಣ್ಣನ ಮಾತು, ತಮಾಷೆಯಲ್ಲ.

ಬಲಿಕೋವ

*

ಫೋರ್ಟ್ ಪೋರ್ಟಲ್
30 ಡಿಸೆಂಬರ್ 1993

ಅಣ್ಣ,

ಈ ಸಲ ಮಂಡಿಯೂರಿಲ್ಲ. ನಿಂತುಕೊಂಡೇ ಬರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ಯಾರಿಗೂ ಓದಿ ಹೇಳಲಿಲ್ಲ. ಮೇಕೆ, ಸುಣ್ಣ, ಛಾವಣಿ. ನಾನು ದಡ್ಡಿಯಲ್ಲ. ಮಕ್ಕಳಾಗಲಿಲ್ಲವೆಂದು ಗಂಡ ವಾಪಸು ಕಳಿಸಿದವಳು ಮದುಮಗಳ ಹತ್ತಿರ ಮಲಗಬಾರದು, ಅವಳ ಪಾತ್ರೆಯಲ್ಲಿ ಕೈ ಹಾಕಬಾರದು ಎಂದು ಊರಲ್ಲಿ ಆಡಿಕೊಳ್ಳುವುದು ನನಗೆ ಹೊಸದಲ್ಲ. ಅತ್ತಿಗೆಯ ಮಣ್ಣಿನ ದಿನ ನಾನು ಬಡಿಸಲು ಹೋದಾಗ ದೊಡ್ಡಮ್ಮನ ಮನೆಯವರು ಕೈಯಿಂದ ತಟ್ಟೆ ತೆಗೆದುಕೊಂಡರು. ನೀನು ನೋಡಿದೆ. ಆಗ ನೀನು "ಯಾಕ್ರೀ, ನನ್ ತಂಗಿ ಬಡಿಸ್ತಾಳೆ" ಅಂದಿದ್ದೆ. ಅದೊಂದು ಮಾತಿಗೆ ನಾನು ಇಷ್ಟು ದಿನ ಆ ಊರನ್ನು ನನ್ನ ಊರು ಅಂದುಕೊಂಡಿದ್ದೆ.

ನಿನಗೂ ನನ್ನಿಂದ ನಾಚಿಕೆ ಅಂತಾದರೆ ನೇರವಾಗಿ ಬರಿ. ಸೋದರತ್ತೆಯ ಶಾಸ್ತ್ರವನ್ನು ದೊಡ್ಡಮ್ಮನ ಮಗಳು ಮಾಡಲಿ, ಅವಳಿಗೆ ಐದು ಮಕ್ಕಳು. ಗೋಮೆಸಿಯನ್ನು ಬಸ್ಸಿನವನ ಕೈಲಿ ಕಳಿಸುತ್ತಿದ್ದೇನೆ. ಹೊಲಿದವರು ಯಾರು ಅಂತ ಕಗೋಯಾಳಿಗೆ ಹೇಳಬೇಡ, ಅವಳು ಉಡದೆ ಹೋದಾಳು.

ಕೌಧಾ

*

ಫೋರ್ಟ್ ಪೋರ್ಟಲ್
19 ಜನವರಿ 1994

ಅಣ್ಣ,

ಉತ್ತರ ಬರಲಿಲ್ಲ. ಅದೇ ಉತ್ತರ ಅಂದುಕೊಂಡು ಸುಮ್ಮನಿದ್ದೆ.

ಆದರೆ ನಿನ್ನೆ ಬಸ್ಸಿನ ಕಂಡಕ್ಟರ್ ಸಿಕ್ಕಿದ್ದ. "ನಿಮ್ಮಣ್ಣ ಬೆಳಿಗ್ಗೆ ಬೆಳಿಗ್ಗೇನೇ ಏರಿಸ್ಬಿಡ್ತಾನೇನಕ್ಕಾ? ರೋಡಲ್ಲಿ ಬೇಲಿ ಹಿಡ್ಕೊಂಡು ಹೋಗ್ತಿದ್ದ. ನಾನು ಹಾರ್ನ್ ಹೊಡೆದ್ರೂ ಬದಿಗೆ ಸರೀಲಿಲ್ಲ" ಅಂದ. ಅವನ ಮುಖದ ಮೇಲೆ ಬೈದೆ. ನನ್ನ ಅಣ್ಣ ರಾಗಿ ಹೆಂಡದ ಗಡಿಗೆಗೆ ಕೊಳವೆ ಹಾಕಿ ಕೂತರೂ ಕೊನೆಗೆ ಉಳಿದವರನ್ನು ಮನೆ ಮುಟ್ಟಿಸಿ ಬರುವವನು ಅಂದೆ. ಬೈದು ಬಂದು ಒಬ್ಬಳೇ ಕುಳಿತು ಈ ಕಾಗದ ಬರೆಯುತ್ತಿದ್ದೇನೆ.

ನನ್ನನ್ನು ಕರೆಯದಿದ್ದರೆ ಬೇಡ. ನೀನು ಕುಡಿಯುತ್ತಿದ್ದೀಯಾ, ಅಷ್ಟು ಹೇಳು.

ಕೌಧಾ

*

ನಾಕಬಾಲೆ
26 ಜನವರಿ 1994

ಕೌಧಾ,

ಕುಡಿಯುತ್ತಿಲ್ಲ. ಕುಡಿದಿದ್ದರೆ ಗೌರವವಾಗಿ ಹೇಳಿಕೊಳ್ಳಬಹುದಿತ್ತು. ಊರಿನ ಅರ್ಧ ಗಂಡಸರು ನನ್ನ ಜೊತೆಗಿರುತ್ತಿದ್ದರು.

ನನ್ನ ಕಾಲಲ್ಲಿ ಚಿಗಟ ಸೇರಿದೆ.

ಈ ಸಾಲು ಬರೆಯುವುದಕ್ಕೆ ನಾನು ಮೂರು ಕಾಗದ ಹರಿದೆ. ಒಂದರಲ್ಲಿ "ಅಧ್ಯಕ್ಷರ ಪಾದಕಮಲಗಳಲ್ಲಿ ಕೆಲವು ಅತಿಥಿಗಳು ಬಿಡಾರ ಹೂಡಿದ್ದಾರೆ" ಎಂದು ಶುರುಮಾಡಿದ್ದೆ. ಓದಿಕೊಂಡಾಗ ನನಗೇ ಹೇಸಿಗೆಯಾಯಿತು. ಇದರಲ್ಲಿ ನಗುವುದಕ್ಕೇನೂ ಇಲ್ಲ. ಆದರೂ ನಕ್ಕು ನಕ್ಕು ಬರೆಯುವ ಚಾಳಿ ಬಿಟ್ಟು ನನಗೆ ಬೇರೆ ಬರವಣಿಗೆ ಗೊತ್ತಿಲ್ಲ, ಸಹಿಸಿಕೋ.

ಅಕ್ಟೋಬರಿನಲ್ಲಿ ಎಡಗಾಲ ಕಿರುಬೆರಳು ತುರಿಸಿತು. ಅಧ್ಯಕ್ಷನಿಗೆ ತುರಿಕೆಯೇ ಎಂದು ಸಮಿತಿಯಲ್ಲಿ ಠರಾವು ತಿರಸ್ಕರಿಸಿದ ಹಾಗೆ ತಿರಸ್ಕರಿಸಿದೆ. ನವೆಂಬರಿನ ಕೊನೆಗೆ ಎರಡೂ ಕಾಲು. ಬೂಟು ಬಂದದ್ದು ಆಗ. ಈಗ ಹಿಮ್ಮಡಿ ಜೇನುಗೂಡಿನ ಹಾಗಿದೆ, ಒಂದು ಬೆರಳು ಕಪ್ಪಾಗಿದೆ, ಬೇಲಿ ಹಿಡಿಯದೆ ಬೋರ್‌ವೆಲ್ಲಿನವರೆಗೂ ಹೋಗಲಾರೆ. ಕಂಡಕ್ಟರ್ ಸುಳ್ಳು ಹೇಳಲಿಲ್ಲ.

ಎಲ್ಲಿಂದ ಬಂತು ಅನ್ನುತ್ತೀಯಾ? ಕನ್ನಡಿಯಂಥ ನೆಲದಿಂದ. ನೈಗಾಗಾ ಹೋದ ಮೇಲೆ ಈ ನೆಲಕ್ಕೆ ಸಗಣಿ ಬಿದ್ದಿಲ್ಲ. ಗಂಡಸು ಮಂಡಿಯೂರಿ ನೆಲ ಸಾರಿಸುವುದೇ? ಯಾವ ಹೆಂಗಸನ್ನಾದರೂ ಕರೆದರೆ, ಅಧ್ಯಕ್ಷ ಇನ್ನೊಬ್ಬಳನ್ನು ತರುತ್ತಿದ್ದಾನೆ ಎಂದು ಸಂಜೆಯೊಳಗೆ ಡಂಗುರ. ಒಂದು ಸಲ ಬಾಗಿಲು ಹಾಕಿಕೊಂಡು ಸಗಣಿ ಕಲಸಿ ಕುಳಿತೆ. ಹೊರಗಿನಿಂದ ಚರ್ಚಿನವನು "ಅಧ್ಯಕ್ಷರೇ, ಒಳಗಿದೀರಾ?" ಅಂದ. ಉಸಿರು ಬಿಡಲಿಲ್ಲ. "ಇದಾರೆ ಕಣೋ, ಬಾಗ್ಲು ಒಳಗಿಂದ ಹಾಕಿದೆ" ಅಂದ ಇನ್ನೊಬ್ಬ. "ಪಾಪ, ಹೆಂಡ್ತಿ ನೆನಪಾಗಿ ಅಳ್ತಿರ್ಬೇಕು, ಬಾ" ಎಂದು ಇಬ್ಬರೂ ಹೋದರು. ಸಗಣಿ ಕೈಯಲ್ಲೇ ಒಣಗಿತು. ಮತ್ತೆ ಮುಟ್ಟಲಿಲ್ಲ. ನೆಲ ಬಿರಿದು ದೂಳಾಯಿತು, ದೂಳಿನಲ್ಲಿ ಅವು ಹುಟ್ಟಿದವು. ಕಿಸುಲೆಯ ಮನೆಗೆ ಹಸುವೇ ಇಲ್ಲ, ಸಾರಿಸಲು ಅವರು ಸಗಣಿಗೆ ಎಲ್ಲಿಗೆ ಹೋಗಬೇಕು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನನ್ನ ಕೊಟ್ಟಿಗೆಯಲ್ಲಿ ಎರಡು ಹಸು.

ಇದಿಷ್ಟೇ ಆಗಿದ್ದರೆ ಬರೆದು ಮುಗಿಸುತ್ತಿದ್ದೆ. ಇನ್ನೂ ಇದೆ.

ಹೋದ ಶನಿವಾರ ನಮ್ಮ ಕಾಲು ಪರೀಕ್ಷೆಯ ಕೀರ್ತಿ ಕೇಳಿ ಆರೋಗ್ಯ ಇಲಾಖೆಯವರೊಬ್ಬರು ನೋಡಲು ಬಂದರು. ಮಾವಿನ ಮರದ ಕೆಳಗೆ ಊರೆಲ್ಲ ಸೇರಿತ್ತು. ನಾನು ಬೂಟಿನಲ್ಲಿ ನಿಂತು ಭಾಷಣ ಮಾಡಿದೆ. ಪರೀಕ್ಷೆ ಮುಗಿಯುತ್ತಾ ಬಂದಾಗ ಕಿಸುಲೆಯ ತಾಯಿ, ಆ ಮುದುಕಿ ಯುದಾಯಾ, ಸಾಲಿನಿಂದಲೇ ಕೂಗಿದಳು.

"ಎಲ್ಲಾರ್ ಕಾಲೂ ನೋಡಾಯ್ತು. ಅಧ್ಯಕ್ಷರದೊಂದು ಬಾಕಿ."

"ಅಜ್ಜಿ, ನಾನು ಪರೀಕ್ಷೆ ಮಾಡೋನು, ಕೊಡೋನಲ್ಲ" ಅಂದೆ.

"ಓಹೋ. ಹಂಗಾದ್ರೆ ದೇವ್ರು ನಿಂಗೆ ಕಾಲು ಕೊಟ್ಟಿದ್ದು ಬೂಟು ಬೀಳ್ದಂಗೆ ಹಿಡ್ಕೊಳ್ಳಾಕೆ."

ಜನ ನಕ್ಕರು. ಇಲಾಖೆಯವರೂ ನಕ್ಕರು. ಬೂಟು ಕಳಚಿಸಿಯೇಬಿಡುತ್ತಾರೆ ಅನ್ನಿಸಿತು. ಎದುರಿಗೆ ಅವಳ ಮೊಮ್ಮಗಳು ಮುತೇಸಿ ನಿಂತಿದ್ದಳು, ಎಂಟೋ ಒಂಬತ್ತೋ ವರ್ಷದವಳು. ತೋರಿಸು ಅಂದೆ. ಕಾಲು ಎತ್ತಿದಳು. ಉಜ್ಜಿ ತೊಳೆದು ಎಣ್ಣೆ ಹಚ್ಚಿದ ಕಾಲು. ಹಳೆಯ ಕಲೆಗಳು ಒಣಗಿ ಮುಚ್ಚಿದ್ದವು. ಒಂದು ತಿಂಗಳು ಯಾರೋ ಪ್ರತಿ ಸಂಜೆ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರಬೇಕು.

ನಾನು "ಇದೆ" ಅಂದೆ.

ಅಲ್ಲಿ ಏನೂ ಇರಲಿಲ್ಲ, ಕೌಧಾ.

ಮಗು ಪಕ್ಕಕ್ಕೆ ಹೋಗಿ ಬಿಸಿಲಲ್ಲಿ ನಿಂತಿತು. ಅಳಲಿಲ್ಲ. ತನ್ನ ಕಾಲನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಿತು, ತಾನೇ ಎಲ್ಲೋ ಸರಿಯಾಗಿ ತೊಳೆದಿಲ್ಲವೇನೋ ಎಂಬಂತೆ. ನಾನು ಆಗಲೂ ಬೂಟು ಕಳಚಲಿಲ್ಲ.

ಈಗ ನಿನ್ನ ವಿಷಯ. ನೀನು ನಿಂತುಕೊಂಡು ಬರೆದ ಕಾಗದ ಜನವರಿ ಮೊದಲ ವಾರದಲ್ಲೇ ನನ್ನ ಕೈ ಸೇರಿತ್ತು. ನಿನ್ನಿಂದ ನನಗೆ ನಾಚಿಕೆಯೆಂದು ನೀನು ತಿಳಿದಿದ್ದೀಯ, ಹಾಗಲ್ಲ ಎಂದು ಒಂದು ಸಾಲು ಬರೆದಿದ್ದರೆ ನಿನ್ನ ಎದೆ ತಣ್ಣಗಾಗುತ್ತಿತ್ತು. ಆದರೆ ಹಾಗಲ್ಲ ಎಂದರೆ ಮತ್ತೆ ಹೇಗೆ ಎಂದು ನೀನು ಕೇಳುತ್ತೀ, ಆಗ ಕಾಲು ತೋರಿಸಬೇಕಾಗುತ್ತದೆ. ತಕ್ಕಡಿಯ ಒಂದು ಕಡೆ ನಿನ್ನ ಸಂಕಟ ಇಟ್ಟೆ, ಇನ್ನೊಂದು ಕಡೆ ನನ್ನ ಹತ್ತು ಬೆರಳು. ಇಷ್ಟು ದಿನ ಬೆರಳುಗಳೇ ಭಾರವಾದವು. ಕಿಸುಲೆಯ ಮಗುವಿಗೆ ಮಾಡಿದ್ದನ್ನು ಒಂದು ಗಳಿಗೆಯ ಹೆದರಿಕೆ ಅನ್ನಬಹುದೇನೋ. ನಿನಗೆ ಮಾಡಿದ್ದನ್ನು ಪ್ರತಿದಿನ ಎದ್ದು, ಮುಖ ತೊಳೆದು, ಯೋಚಿಸಿ ಮಾಡಿದೆ.

ಗಂಡಿನವರು ಬಂದಾಗ ಚಾಪೆಯ ಮೇಲೆ ಬರಿಗಾಲಲ್ಲಿ ಕೂರಬೇಕು. ಮಗಳ ಮದುವೆ ಈ ಕಾಲಿನಿಂದ ಮುರಿದುಬೀಳುತ್ತದೆಂದು ಬೂಟು ಹಾಕಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ.

ಗೋಮೆಸಿ ಇನ್ನೂ ತಲುಪಿಲ್ಲ. ನೀನು ಬರುತ್ತೀಯೋ ಇಲ್ಲವೋ ಎಂದು ಕೇಳುವ ಮುಖ ನನಗಿಲ್ಲ.

ಬಲಿಕೋವ

*

ಫೋರ್ಟ್ ಪೋರ್ಟಲ್
31 ಜನವರಿ 1994

ಅಣ್ಣ,

ಈಗಲೂ ನಿಂತೇ ಇದ್ದೇನೆ. ಮಂಡಿ ಬಗ್ಗಲು ಸ್ವಲ್ಪ ದಿನ ಬೇಕು.

ಮೊದಲು ಓದಿದಾಗ ಅತ್ತೆ. ಎರಡನೇ ಸಲ ಓದಿದಾಗ ಸೌದೆ ಎತ್ತಿಕೊಂಡು ಬಂದು ನಿನಗೆ ಬಾರಿಸಬೇಕು ಅನ್ನಿಸಿತು. ಈ ಜನವರಿಯಲ್ಲಿ ನಾನು ಎಷ್ಟು ಸಲ ಕನ್ನಡಿ ಮುಂದೆ ನಿಂತು ನನ್ನಲ್ಲೇನು ಕೆಟ್ಟದ್ದಿದೆ ಎಂದು ಹುಡುಕಿದೆ ಗೊತ್ತಾ? ಆ ಮಗು ಕಾಲು ತಿರುಗಿಸಿ ನೋಡಿಕೊಂಡಿತು ಅಂತ ಬರೆದಿದ್ದೀಯಲ್ಲ, ಹಾಗೆಯೇ. ನಿನ್ನನ್ನು ಕ್ಷಮಿಸಿದ್ದೇನೆಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಸುಳ್ಳೇ ಸಾಕು ಈ ವರ್ಷಕ್ಕೆ.

ನನ್ನದೂ ಒಂದಿದೆ. ಗೋಮೆಸಿ ಕಳಿಸಿಲ್ಲ. ಕಳಿಸುತ್ತಿದ್ದೇನೆಂದು ಬರೆದೆ, ಕೊಡಲು ಮನಸ್ಸು ಬರಲಿಲ್ಲ. ನನ್ನ ಟ್ರಂಕಿನಲ್ಲೇ ಇದೆ. ದೊಡ್ಡಮ್ಮನ ಮಗಳಿಗೂ ನಾನೇನೂ ಹೇಳಿಕಳಿಸಿಲ್ಲ. ಆ ಶಾಸ್ತ್ರ ನನ್ನದು, ಅದನ್ನು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಹಾಸ್ಟೆಲಿನ ಮೇಟ್ರನ್ ಅಮ್ಮನ ಹತ್ತಿರ ರಜೆ ಕೇಳಿದೆ. "ಶಾಲೆ ಶುರುವಾಗೋ ಹೊತ್ತಲ್ಲಿ ಏನು ಕಾರಣ?" ಅಂದರು. "ಅಣ್ಣನ ಕಾಲಲ್ಲಿ ಚಿಗಟ" ಅಂದೆ. ಹೇಳಿದರೆ ಆಕಾಶ ಬೀಳುವುದಿಲ್ಲ ನೋಡು. "ನಮ್ಮಪ್ಪನಿಗೂ ಆಗಿತ್ತು" ಅಂದು ರಜೆ ಕೊಟ್ಟರು.

12ರ ಶನಿವಾರದ ಬಸ್ಸಿಗೆ ಬರುತ್ತೇನೆ. ಮೇಷ್ಟ್ರ ಮನೆಗಲ್ಲ, ನಮ್ಮ ಮನೆಗೆ. ಅಷ್ಟರೊಳಗೆ ಬ್ಲೇಡು ಹಿಡಿದು ಕಾಲು ಕೊಯ್ದುಕೊಳ್ಳಬೇಡ. ಆಸ್ಪತ್ರೆಯ ನರ್ಸಿಗೆ ಆ ಕಪ್ಪು ಬೆರಳು ತೋರಿಸು. ನೆಲ ಸಾರಿಸು, ಬಾಗಿಲು ತೆಗೆದಿಟ್ಟುಕೊಂಡು. ಮತ್ತು ನಾನು ಬಸ್ಸಿಳಿಯುವ ಮುಂಚೆ ಕಿಸುಲೆಯ ಮನೆಗೆ ಹೋಗಿ ಬಾ. ಹೋಗದಿದ್ದರೆ ನಾನು ಅದೇ ಬಸ್ಸಿನಲ್ಲಿ ವಾಪಸು. ಇದು ತಂಗಿಯ ಮಾತು, ತಮಾಷೆಯಲ್ಲ.

ಕೌಧಾ

*

ನಾಕಬಾಲೆ
7 ಫೆಬ್ರವರಿ 1994

ಪ್ರೀತಿಯ ಕೌಧಾ,

ನರ್ಸು ಬೆರಳು ನೋಡಿದಳು. ಉಗುರು ಹೋಗುತ್ತದೆ, ಬೆರಳು ಉಳಿಯುತ್ತದೆ ಅಂದಳು. ಔಷಧಿ ಕೊಟ್ಟು, "ಯಜಮಾನ್ರೇ, ಬೂಟಲ್ಲಿ ಮುಚ್ಚಿಟ್ರೆ ಇವು ಸಾಯ್ತವೆ ಅನ್ಕೊಂಡ್ರಾ? ಸಾಕ್ತಿದ್ರಿ ನೀವು" ಅಂದಳು.

ಶುಕ್ರವಾರ ಬಾಗಿಲು ತೆಗೆದಿಟ್ಟು ನೆಲ ಸಾರಿಸಿದೆ. ನೀರು ಹೆಚ್ಚಾಗಿ ಪಾಯಸವಾಯಿತು. ಬೀದಿಯಲ್ಲಿ ಹೋಗುತ್ತಿದ್ದ ಮೇಷ್ಟ್ರ ಹೆಂಡತಿ ನಿಂತು ನೋಡಿ, "ಅಯ್ಯೋ, ಬೂದಿ ಹಾಕಿ ಅಧ್ಯಕ್ಷರೇ, ಬೂದಿ. ಮತ್ತೆ ಬಾಗಿಲ ಕಡೆಗೆ ಬನ್ನಿ, ಮೂಲೆಗೆ ಹೋದ್ರೆ ಒಣಗೋ ತನಕ ಅಲ್ಲೇ ಇರ್ಬೇಕಾಗ್ತದೆ" ಅಂದಳು. ಆ ಹೊತ್ತಿಗೆ ನಾನು ಮೂಲೆಯಲ್ಲಿದ್ದೆ. ಒಣಗುವ ತನಕ ಅಲ್ಲೇ ಇದ್ದೆ. ಸುಮಾರು ಜನ ಬಂದು ನೋಡಿಕೊಂಡು ಹೋದರು.

ಶನಿವಾರ ಒಂದು ಮಂಕರಿ ಸಗಣಿ ಹೊತ್ತು ಬರಿಗಾಲಲ್ಲಿ ಕಿಸುಲೆಯ ಮನೆಗೆ ಹೋದೆ. ಆತ ಕೂತ್ಕೋ ಅನ್ನಲಿಲ್ಲ. ಅಂಗಳದಲ್ಲಿ ನಿಂತೇ ಹೇಳಿದೆ, ಮಗುವಿನ ಕಾಲಲ್ಲಿ ಏನೂ ಇರಲಿಲ್ಲ, ಇದ್ದದ್ದು ಇಲ್ಲಿ ಎಂದು. ಯುದಾಯಾ ಬಗ್ಗಿ ನೋಡಿದಳು. "ಥೂ. ನಮ್ಮನೇಲಿ ಎಲ್ಲಾರ್ದೂ ಸೇರ್ಸಿದ್ರೂ ಇಷ್ಟಿರ್ಲಿಲ್ಲ" ಅಂದಳು. ಕಿಸುಲೆ ಮಾತ್ರ ನನ್ನ ಮುಖ ನೋಡದೆ ಹೇಳಿದ: "ನಮ್ಮಂಗಳದಲ್ಲಿ ಹೇಳಿ ಏನು ಬಂತು? ನೀನು ನಮ್ಮನ್ನ ಊರ ಮುಂದೆ ನಿಲ್ಸಿದ್ದೆ."

ನಿನ್ನೆ ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಊರ ಮುಂದೆ ನಿಂತೆ. ಎರಡೇ ಮಾತು ಆಡಿದೆ, ಕಾಲು ತೋರಿಸಿದೆ, ಕಾಲು ಪರೀಕ್ಷೆ ಇನ್ನಿಲ್ಲ ಅಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೋ ಒಬ್ಬ "ಬಿಸಿಲಲ್ಲಿ ನಿಲ್ಲಿಸ್ರೋ ಅವನ್ನ" ಅಂದ. ಹೋಗಿ ನಿಂತೆ. ನೆಲ ಕಾದಿತ್ತು. ಅಲ್ಲಿ ನಿಂತರೆ ಊರೆಲ್ಲ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂತೀಯ, ನೆರಳಲ್ಲಿ ಕುಳಿತವರ ಒಂದೊಂದು ಮುಖವೂ. ಮುತೇಸಿ ಹತ್ತಿರ ಬಂದಳು.

"ನಾಳೆ ನೀರಿಗೆ ನಾನು ಮುಂದೆ ನಿಲ್ಬೋದಾ?"

"ನಿಲ್ಲು."

"ನೀವು?"

"ಕೊನೆಗೆ."

ಅವಳು "ಕೊನೇಲಿ ನೀರು ಕೆಂಪಗೆ ಬರ್ತದೆ, ಸೋಸ್ಕೊಳಿ" ಎಂದು ಹೇಳಿ ಹೋದಳು. ಇವತ್ತು ಬೆಳಿಗ್ಗೆ ನೋಡಿದೆ. ಕೆಂಪಗೇ ಬರುತ್ತದೆ.

ಯುದಾಯಾ ನಿನ್ನೆ ಸಂಜೆ ಮುಳ್ಳು ಹಿಡಿದು ಬಂದು ಎಡಗಾಲಿನ ಚಿಗಟಗಳನ್ನೆಲ್ಲ ತೆಗೆದಳು. ಅಷ್ಟೂ ಹೊತ್ತು ಬೈದಳು. ಬಲಗಾಲು ಚಾಚಿದರೆ ತಳ್ಳಿದಳು. "ಇದು ನಿನ್ ತಂಗಿಗಿರ್ಲಿ. ಅವಳಿಗೂ ನಿನ್ ಮೇಲೆ ಸಿಟ್ಟಿರ್ತದಲ್ಲ" ಅಂದಳು. ಕಿಸುಲೆ ಮದುವೆಯ ಊಟಕ್ಕೆ ಬರುವುದಿಲ್ಲವಂತೆ. ಹೇಳಿಕಳಿಸಿದ್ದಾನೆ. ನ್ಯಾಯವೇ.

ಗಂಡಿನವರಿಗೂ ತಿಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಅವರು ಬಾರದೇ ಹೋದರೆ ಕಗೋಯಾಳ ಮುಖ ನೋಡುವುದು ಹೇಗೋ ಗೊತ್ತಿಲ್ಲ. ಆದರೆ ಬಾಗಿಲು ಹಾಕಿಕೊಳ್ಳುವುದಿಲ್ಲ.

ನಿನ್ನ ಹಾಸಿಗೆ ಒಳಕೋಣೆಯಲ್ಲಿ ಹಾಸಿದ್ದೇನೆ. ಅಲ್ಲಿ ಯಾವತ್ತೂ ಯಾವ ಮೇಕೆಯೂ ಇರಲಿಲ್ಲ.

ಒಂದು ಸಣ್ಣ ಉಪಕಾರ ಮಾಡು. ಶನಿವಾರ ಬಸ್ಸು ಜೌಗಿನ ಸೇತುವೆ ದಾಟುವಾಗ ಡ್ರೈವರಿಗೆ ಹೇಳಿ ಎರಡು ಸಲ ಹಾರ್ನ್ ಹೊಡೆಸು. ನನ್ನ ನಡಿಗೆ ಈಗ ಬಲು ನಿಧಾನ. ಕೇಳಿದ ಕೂಡಲೇ ಮನೆಯಿಂದ ಹೊರಟರೆ, ನೀನು ಟ್ರಂಕು ಇಳಿಸಿಕೊಳ್ಳುವಷ್ಟರಲ್ಲಿ ರಸ್ತೆಗೆ ಬಂದಿರುತ್ತೇನೆ.

ನಿನ್ನ ಅಣ್ಣ,
ಬಲಿಕೋವ